ಸಬ್‌ವೂಫರ್ ಎಲ್ಲಿಡಬೇಕು: ಜಾಗ ಮೊದಲು, ನಾಬ್ ಆಮೇಲೆ

ನಮ್ಮ ಕಾಸರಗೋಡಿನ ಕಡೆಯ ನೀರ್ಚಾಲಿನ ಒಂದು ಮನೆಯಿಂದ ಫೋನು. "ಮಾರಾಯ್ರೇ, ಸೋಫಾದಲ್ಲಿ ಕೂತ ನಮಗೆ ಬಾಸ್ ಇಲ್ಲವೇ ಇಲ್ಲ. ಅಡಿಗೆಕೋಣೆಯಲ್ಲಿ ದೋಸೆ ಹೊಯ್ಯುವ ಅಮ್ಮನಿಗೆ ಗುಂಯ್ ಅಂತ ಕೇಳ್ತದೆ. ಸಬ್ ಹಾಳಾಯಿತೋ ಏನೋ." ಹೋಗಿ ನೋಡಿದರೆ ಸಬ್, ಅಂದರೆ ಬಾಸ್ ಎಂಬ ಕೆಳಸ್ವರಗಳನ್ನು ನುಡಿಸುವ ಸ್ಪೀಕರ್ ಪೆಟ್ಟಿಗೆ, ಚೆನ್ನಾಗಿಯೇ ಇತ್ತು. ಟಿವಿ ಸ್ಟ್ಯಾಂಡಿನ ಪಕ್ಕ ಖಾಲಿ ಜಾಗ ಕಂಡಲ್ಲಿ ಇಟ್ಟಿದ್ದರು, ಸೋಫಾ ಕೋಣೆಯ ಸರೀ ಮಧ್ಯದಲ್ಲಿತ್ತು. ಸೋಫಾವನ್ನು ಎರಡಡಿ ಹಿಂದಕ್ಕೆ, ಸಬ್ಬನ್ನು ನಾಲ್ಕಡಿ ಪಕ್ಕಕ್ಕೆ ಸರಿಸಿದ್ದಷ್ಟೇ. ಹೊಸ ಸಾಮಾನು ಒಂದೂ ಬೇಕಾಗಲಿಲ್ಲ.

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳದ ಕಡೆ ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಇದೇ ತಪ್ಪು. ಸಬ್ ತಂದ ದಿನ ಜಾಗ ಖಾಲಿ ಇದ್ದಲ್ಲಿ ಇಡುತ್ತಾರೆ, ಆಮೇಲೆ ವರ್ಷವಿಡೀ ವಾಲ್ಯೂಮ್ ತಿರುಗಿಸುತ್ತಾರೆ. ಜಾಗದಿಂದ ಬಂದ ತೊಂದರೆ ವಾಲ್ಯೂಮಿನಿಂದ ಹೋಗುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳ ಕ್ರಮವನ್ನು ದಯವಿಟ್ಟು ಹಿಂದುಮುಂದು ಮಾಡಬೇಡಿ. ಒಂದು ಭಾನುವಾರದ ಬೆಳಗ್ಗೆ ಮೂರು ಗಂಟೆ ಕೊಟ್ಟರೆ ಕೆಲಸ ಮುಗಿಯುತ್ತದೆ.

## ಮೊದಲು ಕೈಗೆ ಬೇಕಾದ ಸಾಮಾನು

ಅಳತೆ ಟೇಪು, ಚಾಕ್‌ಪೀಸ್ ಅಥವಾ ಮಾಸ್ಕಿಂಗ್ ಟೇಪ್, ಒಂದು ನೋಟ್‌ಬುಕ್. ಏಳೆಂಟು ಮೀಟರಿನ ಸಬ್‌ವೂಫರ್ ಕೇಬಲ್. ಡಬ್ಬದಲ್ಲಿ ಬಂದ ಗಿಡ್ಡ ಕೇಬಲ್ಲೇ ಎಷ್ಟೋ ಮನೆಗಳಲ್ಲಿ ಸಬ್ಬಿನ ಜಾಗವನ್ನು ನಿರ್ಧರಿಸಿಬಿಟ್ಟಿರುತ್ತದೆ. ಮೂರು ಪಿನ್ನಿನ, ಅರ್ತ್ ಸರಿಯಾಗಿರುವ ಎಕ್ಸ್‌ಟೆನ್ಶನ್ ಬೋರ್ಡ್. ಒಂದು ಗೋಣಿಚೀಲ. ಇಪ್ಪತ್ತು ಕಿಲೋದ ಪೆಟ್ಟಿಗೆಯನ್ನು ಟೈಲ್ಸಿನ ಮೇಲೆ ಎಳೆಯುವಾಗ ನಾಲ್ಕು ಮಡಿಕೆ ಮಾಡಿ ಅಡಿಗೆ ಹಾಕಿದರೆ ಗೀರು ಬೀಳುವುದಿಲ್ಲ, ಸೊಂಟಕ್ಕೂ ಒಳ್ಳೆಯದು.

ಫೋನಿನಲ್ಲಿ ಎರಡು ಆ್ಯಪ್ ಬೇಕು: ಒಂದು ಸದ್ದಿನ ಮಟ್ಟ ತೋರಿಸುವುದು, ಇನ್ನೊಂದು 20ರಿಂದ 120 ಹರ್ಟ್ಸ್‌ವರೆಗಿನ ಸ್ವರ ಹೊರಡಿಸುವುದು. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ, ಅಂಕಿ ಸಣ್ಣದಾದಷ್ಟೂ ಸ್ವರ ಕೆಳಗೆ. ಫೋನಿನ ಮೈಕು ಕೆಳಸ್ವರಗಳನ್ನು ಕಡಿಮೆ ತೋರಿಸುತ್ತದೆ. 40 ಹರ್ಟ್ಸ್ ಎಷ್ಟು, 80 ಎಷ್ಟು ಎಂದು ಹೋಲಿಸಲು ಅದನ್ನು ನಂಬುವಂತಿಲ್ಲ. ಒಂದೇ ಸ್ವರ ಈ ಜಾಗದಲ್ಲಿ ಎಷ್ಟು, ಆ ಜಾಗದಲ್ಲಿ ಎಷ್ಟು ಎಂದು ನೋಡಲು ಧಾರಾಳ ಸಾಕು. ಇದಕ್ಕಿಂತ ಆಳಕ್ಕೆ ಹೋಗುವವರು ಲ್ಯಾಪ್‌ಟಾಪಿಗೆ ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಯುಮಿಕ್-1ರಂಥ ಅಳತೆಯ ಮೈಕು ತರಿಸಿಕೊಳ್ಳಬಹುದು.

ಮತ್ತೆ, ಸಹಾಯಕ್ಕೆ ಒಬ್ಬರು. ಆರನೆಯ ಹಂತ ಒಬ್ಬರಿಂದ ಆಗುವ ಕೆಲಸವೇ ಅಲ್ಲ.

## ಹಂತ 1: ಕೋಣೆ ಅಳೆಯಿರಿ, ಕೂರುವ ಜಾಗ ನಿರ್ಧರಿಸಿ

ಸಬ್ಬನ್ನು ಇನ್ನೂ ಮುಟ್ಟಬೇಡಿ. ಕೋಣೆಯ ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಬರೆದುಕೊಂಡು 570ನ್ನು ಒಂದೊಂದರಿಂದ ಭಾಗಿಸಿ. ನಮ್ಮ ಊರಿನ ಬಿಸಿಗೆ ಶಬ್ದ ಸೆಕೆಂಡಿಗೆ ಸುಮಾರು 1140 ಅಡಿ ಓಡುತ್ತದೆ, ಅದರ ಅರ್ಧ 570. ಉದ್ದ 14, ಅಗಲ 11, ಎತ್ತರ 10 ಅಡಿಯ ಕೋಣೆ ಎಂದಿಟ್ಟುಕೊಳ್ಳಿ. ಉತ್ತರ ಸುಮಾರು 41, 52, 57 ಹರ್ಟ್ಸ್. ಈ ಮೂರು ಸ್ವರಗಳಲ್ಲಿ, ಅವುಗಳ ಎರಡರಷ್ಟು ಮೂರರಷ್ಟು ಇರುವ ಸ್ವರಗಳಲ್ಲಿ ನಿಮ್ಮ ಕೋಣೆ ತಾನಾಗಿಯೇ ಮೊಳಗುತ್ತದೆ. ಗೋಡೆಯಿಂದ ಗೋಡೆಗೆ ಹೋದ ಅಲೆ ಹಿಂದಿರುಗಿ ಬಂದ ಅಲೆಯ ಮೇಲೆ ಕೂತು ಕೆಲವು ಕಡೆ ಉಬ್ಬುತ್ತದೆ, ಕೆಲವು ಕಡೆ ಅಳಿಸಿಹೋಗುತ್ತದೆ. ಸ್ನಾನದ ಕೋಣೆಯಲ್ಲಿ ಹಾಡುವಾಗ ಒಂದು ಸ್ವರ ಮಾತ್ರ ಗಕ್ಕನೆ ಜೋರಾಗುವುದಿಲ್ಲವೇ, ಅದೇ ಇದು.

ಉಬ್ಬುವುದು ಗೋಡೆಯ ಹತ್ತಿರ. ಅಳಿಸಿಹೋಗುವುದು ಮಧ್ಯದಲ್ಲಿ. 14 ಅಡಿಯ ಕೋಣೆಯಲ್ಲಿ 7 ಅಡಿಯ ಗೆರೆಯ ಮೇಲೆ ಕೂತರೆ 41 ಹರ್ಟ್ಸ್ ನಿಮಗೆ ಕೇಳುವುದೇ ಇಲ್ಲ. ಅದೇ ಸ್ವರ ಗೋಡೆಯಾಚೆಯ ಅಡಿಗೆಕೋಣೆಯಲ್ಲಿ ಕೇಳುತ್ತದೆ. ನೀರ್ಚಾಲಿನ ಅಮ್ಮ ಹೇಳಿದ್ದು ಅಕ್ಷರಶಃ ನಿಜ. ಹಾಗೆಂದು ಸೋಫಾವನ್ನು ಹಿಂದಿನ ಗೋಡೆಗೆ ಅಂಟಿಸಿದರೆ ಎಲ್ಲ ಸ್ವರಗಳೂ ಉಬ್ಬಿ ತಲೆ ಭಾರವಾಗುತ್ತದೆ. ಟಿವಿಯ ಗೋಡೆಯಿಂದ ಸುಮಾರು 9 ಅಡಿ, ಹಿಂದಿನ ಗೋಡೆಯಿಂದ 5 ಅಡಿ, ಅಂದರೆ ಉದ್ದದ ಮೂರನೇ ಒಂದಕ್ಕಿಂತ ತುಸು ಹೆಚ್ಚು ಹಿಂದೆ ಬಿಟ್ಟು ಕೂತರೆ ಮೊದಲ ಎರಡು ಮೊಳಗುಗಳಿಂದಲೂ ತಪ್ಪಿಸಿಕೊಳ್ಳುತ್ತೀರಿ. ನಾನು ಶುರುಮಾಡುವುದು ಯಾವಾಗಲೂ ಅಲ್ಲಿಂದ.

ಗೋಡೆಯ ಬಗ್ಗೆ ಇಲ್ಲೇ ಹೇಳಬೇಕು. ಗಾರೆ ಮಾಡಿದ ಮುರಕಲ್ಲಿನ ಗೋಡೆ, ಮೇಲೆ ಕಾಂಕ್ರೀಟಿನ ತಾರಸಿ, ಕೆಳಗೆ ವಿಟ್ರಿಫೈಡ್ ಟೈಲ್ಸ್ ಇದ್ದರೆ ಕೆಳಸ್ವರಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲ. ಮೊಳಗು ಗಟ್ಟಿಯಾಗಿ ಬಹಳ ಹೊತ್ತು ನಿಲ್ಲುತ್ತದೆ. ಹಳೆಯ ಮನೆಯ ಚಾವಡಿಯಲ್ಲಿ, ಪಕ್ಕಾಸು, ರೀಪು, ಹಂಚಿನ ಮಾಡಿನ ಅಡಿಯಲ್ಲಾದರೆ ಬಾಸ್ ಬಹಳಷ್ಟು ಮೇಲಕ್ಕೆ ಸೋರಿಹೋಗುತ್ತದೆ. ಮೊಳಗು ಕಡಿಮೆ, ಆದರೆ ಸಬ್ಬಿಗೆ ದುಡಿಮೆ ಹೆಚ್ಚು. ಹಾಲ್, ಊಟದ ಜಾಗ, ಮೆಟ್ಟಿಲು ಎಲ್ಲ ಒಂದಕ್ಕೊಂದು ತೆರೆದುಕೊಂಡ ಹೊಸ ಮನೆಗಳಲ್ಲಿ ಮೇಲಿನ ಭಾಗಾಕಾರವನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ಅಲ್ಲಿ ಮೂರನೆಯ ಹಂತವೇ ನಿಜವಾದ ಉತ್ತರ ಕೊಡುವುದು.

ಕೂರುವ ಜಾಗಕ್ಕೆ ಚಾಕಿನಲ್ಲಿ ಗುರುತು ಹಾಕಿ. ಇನ್ನು ಸೋಫಾ ಅಲುಗಬಾರದು.

## ಹಂತ 2: ಎಲ್ಲ ಹೊಂದಾಣಿಕೆಯನ್ನೂ ಸೊನ್ನೆಗೆ ತನ್ನಿ

ಹಳೆಯ ಹೊಂದಾಣಿಕೆ ಇಟ್ಟುಕೊಂಡು ಜಾಗ ಹುಡುಕಿದರೆ ಹಿಂದಿನ ತಪ್ಪಿಗೆ ತಕ್ಕ ಜಾಗ ಸಿಗುತ್ತದೆ, ಕೋಣೆಗೆ ತಕ್ಕದ್ದಲ್ಲ. ಸಬ್ಬಿನ ಹಿಂದೆ ಇರುವ, ಎಷ್ಟು ಹರ್ಟ್ಸಿನವರೆಗೆ ಸಬ್ ನುಡಿಸಬೇಕು ಎಂದು ಹೇಳುವ ಕ್ರಾಸ್‌ಓವರ್ ನಾಬನ್ನು ಹೆಚ್ಚಿನ ಅಂಕಿಯ ಕೊನೆಯವರೆಗೆ ತಿರುಗಿಸಿ, ಅಥವಾ ಎಲ್‌ಎಫ್‌ಇ ಎಂಬ ಸ್ವಿಚ್ಚು ಇದ್ದರೆ ಅದಕ್ಕೆ ಹಾಕಿ. ಫೇಸ್ (ಅದೇನೆಂದು ಆರನೆಯ ಹಂತದಲ್ಲಿ ಹೇಳುತ್ತೇನೆ) ಸೊನ್ನೆ. ಗೇನ್, ಅಂದರೆ ಸಬ್ಬಿನದೇ ವಾಲ್ಯೂಮ್, ಅರ್ಧ. ಬಾಸ್ ಬೂಸ್ಟ್ ಬಂದ್. ರಿಸೀವರಿನಲ್ಲಿ (ಎಲ್ಲ ಸ್ಪೀಕರುಗಳಿಗೂ ಸದ್ದು ಹಂಚುವ ಆಂಪ್ಲಿಫಯರ್ ಪೆಟ್ಟಿಗೆ) ಮೈಕಿನಿಂದ ತಾನೇ ಅಳೆದು ಹೊಂದಿಸುವ ಆಟೋ ಹೊಂದಾಣಿಕೆ ಬಂದ್, ಟೋನ್ ಸೊನ್ನೆ, ಎಲ್ಲ ಸ್ಪೀಕರುಗಳು 'ಸ್ಮಾಲ್', ಕ್ರಾಸ್‌ಓವರ್ 80 ಹರ್ಟ್ಸ್. ದೊಡ್ಡ ನಿಲುವಿನ ಸ್ಪೀಕರ್ ಇದ್ದವರಿಗೂ 'ಸ್ಮಾಲ್' ಎಂದೇ ಹೇಳುತ್ತೇನೆ. ಆ ಹೆಸರಿಗೂ ಗಾತ್ರಕ್ಕೂ ಸಂಬಂಧವಿಲ್ಲ, ಕೆಳಸ್ವರವನ್ನು ಸಬ್ಬಿಗೆ ಒಪ್ಪಿಸು ಎಂದಷ್ಟೇ ಅರ್ಥ.

ಎರಡು ಬಗೆಯ ಸೆಟ್ಟುಗಳಿಗೆ ಬೇರೆ ಮಾತು ಉಂಟು. ಸೌಂಡ್‌ಬಾರಿನ ಜೊತೆ ಬರುವ ವೈರ್‌ಲೆಸ್ ಸಬ್ಬುಗಳಲ್ಲಿ ಬಾರ್ ತೀರಾ ಸಣ್ಣದಿದ್ದರೆ ಗಂಡಸರ ಸ್ವರದ ಕೆಳಭಾಗವನ್ನೂ ಸಬ್ಬೇ ನುಡಿಸಬೇಕಾಗುತ್ತದೆ. ಅದನ್ನು ಸೋಫಾದ ಹಿಂದೆ ಇಟ್ಟರೆ ಮಾತು ಬೆನ್ನ ಹಿಂದಿನಿಂದ ಬಂದಂತೆ ಇರುತ್ತದೆ, ಆದ್ದರಿಂದ ಟಿವಿಯ ಗೋಡೆಯ ಉದ್ದಕ್ಕೆ ಮಾತ್ರ ಹುಡುಕಿ. ಎಲ್ಲ ಸ್ಪೀಕರುಗಳ ವಯರೂ ಸಬ್ಬಿನ ಪೆಟ್ಟಿಗೆಗೇ ಬರುವ 5.1 ಸೆಟ್ಟಾದರೆ (ಐದು ಸ್ಪೀಕರ್, ಒಂದು ಸಬ್) ಸಣ್ಣ ಸ್ಪೀಕರುಗಳ ವಯರನ್ನು ಮೊದಲು ಉದ್ದ ಮಾಡಿಸಿಕೊಳ್ಳಿ. ಅದಿಲ್ಲದೆ ಸಬ್ಬಿಗೆ ನಡೆದಾಡುವ ಸ್ವಾತಂತ್ರ್ಯವೇ ಇರುವುದಿಲ್ಲ.

## ಹಂತ 3: ಸಬ್ಬನ್ನು ಸೋಫಾದಲ್ಲಿ ಕೂರಿಸಿ, ನೀವು ನೆಲದ ಮೇಲೆ ತೆವಳಿ

ಇಡೀ ಕೆಲಸದ ಜೀವ ಇಲ್ಲಿದೆ. ಕೆಳಸ್ವರದ ಒಂದು ಗುಣ ನಮ್ಮ ಸಹಾಯಕ್ಕೆ ಬರುತ್ತದೆ: ಸಬ್ ಮೂಲೆಯಲ್ಲಿದ್ದು ನೀವು ಸೋಫಾದಲ್ಲಿದ್ದರೆ ಏನು ಕೇಳುತ್ತದೋ, ಸಬ್ ಸೋಫಾದಲ್ಲಿದ್ದು ನೀವು ಆ ಮೂಲೆಯಲ್ಲಿ ಕಿವಿಯಿಟ್ಟರೂ ಅದೇ ಕೇಳುತ್ತದೆ. ಭಾರದ ಪೆಟ್ಟಿಗೆಯನ್ನು ಹತ್ತು ಕಡೆ ಹೊರುವ ಬದಲು ನಿಮ್ಮ ಕಿವಿಯನ್ನೇ ಹತ್ತು ಕಡೆ ಒಯ್ಯಬಹುದು.

ಸೋಫಾ ಇದ್ದ ಜಾಗದಲ್ಲಿ, ನಿಮ್ಮ ತಲೆ ಬರುವ ಎತ್ತರಕ್ಕೆ ಆದಷ್ಟು ಹತ್ತಿರವಾಗಿ ಸಬ್ಬನ್ನು ಇಡಿ. ಗಟ್ಟಿ ಟೀಪಾಯಿ ಆಗಬಹುದು, ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ. ಬೇರೆ ಸ್ಪೀಕರುಗಳು ಬಂದ್. ಆ್ಯಪಿನಿಂದ 30, 35, 40 ಹೀಗೆ ಐದೈದು ಹರ್ಟ್ಸ್ ಏರಿಸುತ್ತಾ 80ರವರೆಗೆ ಒಂದೊಂದು ಸ್ವರವನ್ನು ನಾಲ್ಕೈದು ಸೆಕೆಂಡು ನುಡಿಸಿ, ಪುನಃ ಮೊದಲಿನಿಂದ. ಆಮೇಲೆ ಬಾಸ್ ಗಿಟಾರ್ ಮೆಟ್ಟಿಲು ಹತ್ತಿ ಇಳಿಯುವ ಹಾಗೆ ನಡೆಯುವ ಒಂದು ಹಾಡು. ಚೆಂಡೆಯ ಪೆಟ್ಟು ಇದಕ್ಕೆ ಆಗದು, ಅದರ ಹರಿತವೆಲ್ಲ ಮೇಲಿನ ಸ್ವರಗಳಲ್ಲಿ. ವಾಲ್ಯೂಮ್ ಮಾತಾಡುವಷ್ಟೇ ಇರಲಿ. ಒಂಟಿ ಸ್ವರವನ್ನು ಜೋರಾಗಿ ಬಹಳ ಹೊತ್ತು ನುಡಿಸಿದರೆ ಸಬ್ಬಿನೊಳಗಿನ ತಂತಿಯ ಸುರುಳಿ, ಕಾಯಿಲ್, ಬಿಸಿಯಾಗಿ ಸುಟ್ಟುಹೋಗುತ್ತದೆ. ಸುಟ್ಟ ವಾರ್ನಿಶಿನಂಥ ವಾಸನೆ ಬಂದರೆ ಕ್ಷಣ ಕಾಯದೆ ಸ್ವಿಚ್ಚು ತೆಗೆಯಿರಿ.

ಈಗ ಟಿವಿಯ ಎಡ ಮೂಲೆಯಿಂದ ಶುರುಮಾಡಿ ಗೋಡೆಯ ಬುಡದಲ್ಲೇ ಮೊಣಕಾಲೂರಿ ಮುಂದೆ ಹೋಗಿ. ಕಿವಿ ನೆಲದಿಂದ ಒಂದಡಿ ಮೇಲಿರಬೇಕು, ಸಬ್ಬಿನ ಕೋನ್, ಅಂದರೆ ಹಿಂದೆ ಮುಂದೆ ಆಡಿ ಸದ್ದು ಮಾಡುವ ತಟ್ಟೆ, ಬರುವ ಎತ್ತರ ಅದೇ. ಎರಡೆರಡು ಅಡಿಗೊಮ್ಮೆ ನಿಂತು ಸ್ವರಗಳ ಒಂದು ಸುತ್ತು ಪೂರ್ತಿ ಕೇಳಿ. ಬಾಗಿಲ ದಾರಿ, ದೇವರ ಕೋಣೆಯ ಎದುರು, ಮಳೆಗೆ ಒದ್ದೆಯಾಗುವ ಗೋಡೆಯ ಬುಡ ಇವನ್ನು ಬಿಟ್ಟೇ ಹೋಗಿ. ಎಷ್ಟು ಚೆನ್ನಾಗಿ ಕೇಳಿದರೂ ಇಡಲು ಆಗದ ಜಾಗದ ಆಸೆ ಹುಟ್ಟಿಸಿಕೊಳ್ಳುವುದು ಬೇಡ.

ಜನ ಸೋಲುವುದು ಇಲ್ಲಿಯೇ: ಅತಿ ಜೋರಾಗಿ ಕೇಳುವ ಜಾಗವನ್ನು ಹುಡುಕುತ್ತಾರೆ. ಅದು ಹುಡುಕಬೇಕಾದ್ದೇ ಇಲ್ಲ, ಮೂಲೆ ಯಾವಾಗಲೂ ಜೋರು. ಎರಡು ಗೋಡೆ, ನೆಲ, ಹೀಗೆ ಮೂರು ಮೈಗಳು ಕೂಡುವ ಜಾಗವಾದ್ದರಿಂದ ಮೂಲೆ ಕೋಣೆಯ ಎಲ್ಲ ಮೊಳಗುಗಳನ್ನೂ ಒಟ್ಟಿಗೆ ಎಬ್ಬಿಸುತ್ತದೆ. ನೀವು ಹುಡುಕುವುದು 30ರಿಂದ 80ರವರೆಗೆ ಒಂದು ಸ್ವರವೂ ನುಂಗಿಹೋಗದ, ಒಂದು ಸ್ವರವೂ ಗುಮ್ಮೆಂದು ಎದ್ದು ಬಾರದ ಜಾಗವನ್ನು. ಹಾಡಿನಲ್ಲಿ ಬಾಸಿನ ಪ್ರತಿ ಮೆಟ್ಟಿಲೂ ಬೇರೆ ಬೇರೆಯಾಗಿ ಕೇಳಬೇಕು. ಅಂಥ ಎರಡು ಮೂರು ಜಾಗಗಳಿಗೆ ಗುರುತು ಹಾಕಿ, ಅಳತೆ ಬರೆದಿಡಿ.

ತೆವಳಲು ಮೊಣಕಾಲು ಬಿಡದ ಹಿರಿಯರು ಫೋನನ್ನು ಒಂದು ಕೋಲಿನ ತುದಿಗೆ ಕಟ್ಟಿ ಗೋಡೆಯ ಬುಡಕ್ಕೆ ಹಿಡಿದು ಮೀಟರ್ ನೋಡಬಹುದು. ನಡೆಯುತ್ತದೆ, ಆದರೆ ಕಿವಿಯಷ್ಟು ಹೇಳುವುದಿಲ್ಲ.

## ಹಂತ 4: ಗುರುತಿನ ಮೇಲೆ ಸಬ್ ಇಟ್ಟು ಪುನಃ ಕೇಳಿ

ಸೋಫಾ ಹಿಂದಿನ ಜಾಗಕ್ಕೆ, ಸಬ್ ಮೊದಲ ಗುರುತಿಗೆ. ನೀವು ಕೂತು ಅದೇ ಸ್ವರಗಳನ್ನು ಕೇಳುತ್ತಾ ನೋಟ್‌ಬುಕ್ಕಿನಲ್ಲಿ ಮೀಟರಿನ ಅಂಕಿ ಬರೆಯಿರಿ. ಆಮೇಲೆ ಎರಡನೆಯ ಗುರುತು, ಮೂರನೆಯದು. ಮನೆಯವರೆಲ್ಲ ಒಟ್ಟಿಗೆ ನೋಡುವುದಾದರೆ ಸೋಫಾದ ಎರಡು ತುದಿಯಲ್ಲೂ ಕೇಳಬೇಕು. ಅಪ್ಪನಿಗೆ ಚೆನ್ನಾಗಿದ್ದು ಮಕ್ಕಳಿಗೆ ತಲೆನೋವಾದರೆ ಅದು ಸರಿಯಾದ ಜಾಗವಲ್ಲ.

ಯಾವ ಜಾಗ ಏನು ಮಾಡುತ್ತದೆ ಎಂದು ಗೊತ್ತಿದ್ದರೆ ಆರಿಸುವುದು ಸುಲಭ. ಟಿವಿ ಗೋಡೆಯ ಸರೀ ಮಧ್ಯದಲ್ಲಿ ಇಟ್ಟರೆ ಅಗಲದ ಮೊದಲ ಮೊಳಗು, ನಮ್ಮ ಉದಾಹರಣೆಯ 52 ಹರ್ಟ್ಸ್, ಎದ್ದೇಳುವುದೇ ಇಲ್ಲ. ಆದ್ದರಿಂದ ಸೋಫಾದ ಈ ತುದಿಗೂ ಆ ತುದಿಗೂ ವ್ಯತ್ಯಾಸ ಕಡಿಮೆ. ದೊಡ್ಡ ಸಂಸಾರಕ್ಕೆ ನಾನು ಮೊದಲು ನೋಡುವ ಜಾಗ ಇದು. ಮಧ್ಯಕ್ಕೂ ಮೂಲೆಗೂ ನಡುವೆ ಇಟ್ಟರೆ ಸದ್ದಿಗೆ ಸ್ವಲ್ಪ ಬಲ ಬರುತ್ತದೆ, ಸಮತೋಲ ಸ್ವಲ್ಪ ಕೆಡುತ್ತದೆ. ಪಕ್ಕದ ಗೋಡೆಯ ಅರ್ಧದಲ್ಲಿ ಇಟ್ಟರೆ ಉದ್ದದ ಮೊದಲ ಮೊಳಗು ಶಾಂತವಾಗುತ್ತದೆ. 41 ಹರ್ಟ್ಸ್ ಗುಂಯ್ ಎನ್ನುವ ಕಾಂಕ್ರೀಟ್ ಕೋಣೆಗೆ ಇದು ಒಳ್ಳೆಯ ಮದ್ದು. ಸೋಫಾದ ಹಿಂದೆಯೇ ಇಟ್ಟರೆ ಕಿವಿಗೆ ಸಬ್ ನೇರವಾಗಿ ಸಿಗುವುದರಿಂದ ಕಡಿಮೆ ವಾಲ್ಯೂಮ್ ಸಾಕು, ರಾತ್ರಿ ನೆರೆಮನೆಗೂ ತೊಂದರೆಯಿಲ್ಲ. ಆದರೆ ಕ್ರಾಸ್‌ಓವರ್ 80ಕ್ಕಿಂತ ಮೇಲೆ ಹೋಗಬಾರದು.

ಮೂಲೆಯನ್ನು ಪೂರ್ತಿ ತಳ್ಳಿಹಾಕಬೇಡಿ. ಎಂಟಿಂಚಿನ ಸಣ್ಣ ಸಬ್, ಹಂಚಿನ ಮಾಡಿನ ದೊಡ್ಡ ಚಾವಡಿ, ಜೊತೆಗೆ ಬಾಸನ್ನು ತಿದ್ದುವ ರಿಸೀವರ್ ಇದ್ದರೆ ಮೂಲೆಯಲ್ಲಿ ಸಿಗುವ ಉಚಿತ ಬಲವನ್ನು ಬಿಡಬಾರದು. ಉಬ್ಬಿದ ಸ್ವರವನ್ನು ರಿಸೀವರ್ ತಗ್ಗಿಸುತ್ತದೆ. ಅಳಿಸಿಹೋದ ಸ್ವರವನ್ನು ತುಂಬಲು ಮಾತ್ರ ಯಾವ ರಿಸೀವರಿಗೂ ಆಗದು. ಎಷ್ಟು ಪವರ್ ಕೊಟ್ಟರೂ ಹಿಂದಿರುಗುವ ಅಲೆ ಅಷ್ಟೇ ಬಲದಿಂದ ಬಂದು ಅಳಿಸುತ್ತದೆ, ಬಿಸಿಯಾಗುವುದು ಆಂಪ್ಲಿಫಯರ್ ಮಾತ್ರ. ಎರಡು ಜಾಗಗಳ ನಡುವೆ ಗೊಂದಲವಾದರೆ ಒಂದು ಸ್ವರ ಜೋರಾಗಿರುವ ಜಾಗವನ್ನು ಆರಿಸಿ, ಒಂದು ಸ್ವರ ಕಾಣೆಯಾದ ಜಾಗವನ್ನು ಬಿಡಿ.

ಆರಿಸಿದ ಮೇಲೆ ಅರ್ಧರ್ಧ ಅಡಿ ಆಚೀಚೆ ಸರಿಸಿ ನೋಡಿ. 60 ಹರ್ಟ್ಸ್‌ನಿಂದ ಮೇಲೆ ಒಂದಡಿಗೂ ಬದಲಾವಣೆ ಕೇಳುತ್ತದೆ.

## ಹಂತ 5: ಗೋಡೆಯಿಂದ ಎಷ್ಟು ದೂರ, ಯಾವುದರ ಮೇಲೆ

ಹಿಂದೆ ತೂತು, ಅಂದರೆ ಪೋರ್ಟ್ ಇರುವ ಸಬ್ಬಾದರೆ ಗೋಡೆಯಿಂದ ಅರ್ಧ ಅಡಿಯಾದರೂ ಬಿಡಿ. ಪೋರ್ಟ್ ಇಲ್ಲದಿದ್ದರೂ ನಾಲ್ಕಿಂಚು ಬೇಕು, ಹಿಂದಿನ ಆಂಪ್ಲಿಫಯರ್ ಪ್ಲೇಟು ತಣಿಯಲು. ಪಡುವಣ ಗೋಡೆ ಜೂನ್, ಜುಲೈಯಲ್ಲಿ ಬೆವರುವ ಮನೆಗಳು ನಮ್ಮಲ್ಲಿ ತುಂಬ ಉಂಟು. ಅಲ್ಲಿ ಒಂದಡಿ.

ಶೋಕೇಸಿನ ಒಳಗೆ, ಟಿವಿ ಸ್ಟ್ಯಾಂಡಿನ ಕೆಳಗಿನ ಖಾನೆಯಲ್ಲಿ ತುರುಕಬೇಡಿ. ಮರದ ಪೆಟ್ಟಿಗೆ ತಾನೇ ಇನ್ನೊಂದು ಸ್ಪೀಕರಿನಂತೆ ಗುನುಗುತ್ತದೆ, ಬಿಸಿಯೂ ಹೊರಗೆ ಹೋಗುವುದಿಲ್ಲ. ಕೆಳಮುಖದ ಸಬ್ಬನ್ನು ದಪ್ಪ ಕಾರ್ಪೆಟ್ಟಿನ ಮೇಲೆ ಇಡಬೇಡಿ. ಟೈಲ್ಸಿನ ಮೇಲೆ ಮೊನಚು ಕಾಲುಗಳಿದ್ದರೆ ಅಡಿಗೆ ಒಂದೊಂದು ನಾಣ್ಯ ಇಡಿ, ಇಲ್ಲವೇ ಕಾಲು ಬಿಚ್ಚಿ ರಬ್ಬರ್ ಹಾಕಿ. ಹಲಗೆ ಹಾಸಿದ ಮಾಳಿಗೆಯಲ್ಲಾದರೆ ದಪ್ಪ ರಬ್ಬರ್ ಮ್ಯಾಟ್ ಕಡ್ಡಾಯ, ಇಲ್ಲದಿದ್ದರೆ ಕೆಳಗೆ ಮಲಗಿದವರಿಗೆ ನಿದ್ದೆಯಿಲ್ಲ.

## ಹಂತ 6: ಫೇಸ್ ಹೊಂದಿಸಿ

ಸಬ್ಬೂ ಮುಂದಿನ ಸ್ಪೀಕರುಗಳೂ 80 ಹರ್ಟ್ಸಿನ ಸುತ್ತ ಒಂದೇ ಸ್ವರವನ್ನು ಹಂಚಿಕೊಳ್ಳುತ್ತವೆ. ಒಂದು ತಳ್ಳುವಾಗ ಇನ್ನೊಂದು ಎಳೆದರೆ ಎರಡೂ ಸೇರಿ ಸ್ವರವನ್ನು ಕೊಲ್ಲುತ್ತವೆ. ಸ್ಪೀಕರ್ ವಯರಿನ ಕೆಂಪು ಕಪ್ಪು ಅದಲುಬದಲಾಗಿಲ್ಲ ಎಂದು ಮೊದಲು ನೋಡಿ. ನೋಡುವಾಗ ರಿಸೀವರ್ ಬಂದ್ ಇರಲಿ.

ಮುಂದಿನ ಎರಡು ಸ್ಪೀಕರುಗಳನ್ನೂ ಸಬ್ಬನ್ನೂ ಒಟ್ಟಿಗೆ ಹಾಕಿ 80 ಹರ್ಟ್ಸ್ ನುಡಿಸಿ. ನೀವು ಸೋಫಾದಲ್ಲಿ ಕೂತಿರಿ. ಸಹಾಯಕರು ಸಬ್ಬಿನ ಹಿಂದಿನ ಫೇಸ್ ಸ್ವಿಚ್ಚನ್ನು ಸೊನ್ನೆಗೆ, 180ಕ್ಕೆ ಬದಲಿಸುತ್ತಾ ಇರಲಿ, ಯಾವುದಕ್ಕೆ ಹಾಕಿದೆ ಎಂದು ನಿಮಗೆ ಹೇಳುವುದು ಬೇಡ. ಜೋರಾಗಿ ಕೇಳಿದ್ದೇ ಸರಿ. ಎರಡೂ ಒಂದೇ ರೀತಿ ಕೇಳಿದರೆ ಸರಿಯಾದ್ದು ನಡುವೆ ಎಲ್ಲೋ ಇದೆ. ತಿರುಗುವ ನಾಬ್ ಇದ್ದರೆ ಅದನ್ನು ನಿಧಾನವಾಗಿ ತಿರುಗಿಸಿ ಜೋರಾದಲ್ಲಿ ನಿಲ್ಲಿಸಿ. ಬರೀ ಸ್ವಿಚ್ಚಿದ್ದರೆ ಸಬ್ಬನ್ನು ಒಂದೆರಡು ಅಡಿ ಸರಿಸಿ ಪುನಃ ನೋಡಿ.

ನೀವೇ ಎದ್ದು ಹೋಗಿ ಸ್ವಿಚ್ಚು ಬದಲಿಸಿ ಬಂದು ಕೂರುವಷ್ಟರಲ್ಲಿ ಕಿವಿಯ ನೆನಪು ಆರಿಹೋಗಿರುತ್ತದೆ. ಇನ್ನೊಬ್ಬರು ಬೇಕು ಎಂದದ್ದು ಅದಕ್ಕೆ.

## ಹಂತ 7: ಈಗ ವಾಲ್ಯೂಮ್, ಆಮೇಲೆ ಆಟೋ ಹೊಂದಾಣಿಕೆ

ರಿಸೀವರಿನ ಪರೀಕ್ಷಾ ಸದ್ದು ಹಾಕಿ ಪ್ರತಿ ಸ್ಪೀಕರನ್ನೂ ಕೂರುವ ಜಾಗದಲ್ಲಿ 75 ಡೆಸಿಬೆಲ್‌ಗೆ ತನ್ನಿ. ಫೋನಿನ ಮೀಟರ್ ಸಬ್ಬಿನ ಸದ್ದನ್ನು ಕಡಿಮೆ ತೋರಿಸುತ್ತದೆ, ಅದನ್ನು ನಂಬಿ ಗೇನ್ ಏರಿಸಿದರೆ ಬಾಸ್ ಅತಿಯಾಗುತ್ತದೆ. ಮೈಕು ಜೊತೆಗೆ ಕೊಡುವ ರಿಸೀವರಿನಲ್ಲಿ ಆ ಮೈಕನ್ನೇ ಬಳಸಿ. ಮೈಕು ಕಿವಿಯ ಎತ್ತರಕ್ಕೆ, ಸೋಫಾದ ಬೆನ್ನಿಗೆ ತಾಗದ ಹಾಗೆ ಸ್ಟ್ಯಾಂಡಿನ ಮೇಲಿರಬೇಕು. ಫ್ಯಾನು, ಮಿಕ್ಸಿ, ಪಂಪು ಎಲ್ಲ ಬಂದ್. ಜೋರು ಮಳೆ ಶೀಟಿನ ಮೇಲೆ ಬೀಳುತ್ತಿದ್ದರೆ ಆ ದಿನ ಬಿಟ್ಟುಬಿಡಿ.

ಮುಗಿದ ಮೇಲೆ ಎರಡು ಕಡೆ ಕಣ್ಣಾಡಿಸಬೇಕು. ಸ್ಪೀಕರುಗಳನ್ನು 'ಲಾರ್ಜ್' ಎಂದು ಬರೆದುಕೊಂಡಿದ್ದರೆ 'ಸ್ಮಾಲ್' ಮಾಡಿ, ಕ್ರಾಸ್‌ಓವರ್ 40ಕ್ಕೆ ಇಳಿದಿದ್ದರೆ 80ಕ್ಕೆ ತನ್ನಿ. ಸಬ್ಬಿನ ದೂರವನ್ನು ನಿಜಕ್ಕಿಂತ ಹೆಚ್ಚು ತೋರಿಸಿದರೆ ಟೇಪು ಹಿಡಿದು ತಿದ್ದಬೇಡಿ. ಸಬ್ಬಿನ ಒಳಗಿನ ಸರ್ಕ್ಯೂಟಿನಲ್ಲಿ ಆಗುವ ತಡವನ್ನೂ ಸೇರಿಸಿ ರಿಸೀವರ್ ಹಾಗೆ ಬರೆಯುತ್ತದೆ, ಅದು ಸರಿಯೇ. ಸಬ್ಬಿನ ಮಟ್ಟ ಮೈನಸ್ ಹತ್ತು, ಹನ್ನೆರಡಕ್ಕೆ ಇಳಿದಿದ್ದರೆ ಮಾತ್ರ ಹಿಂದಿನ ಗೇನ್ ತಗ್ಗಿಸಿ ಮತ್ತೊಮ್ಮೆ ಓಡಿಸಿ.

ನನ್ನದೇ ಒಂದು ಪರೀಕ್ಷೆ ಉಂಟು, ಎಲ್ಲ ಮನೆಯಲ್ಲೂ ಮಾಡುತ್ತೇನೆ. ಯಕ್ಷಗಾನದ ಒಂದು ಧ್ವನಿಮುದ್ರಿಕೆ ಹಾಕಿ ಭಾಗವತರು ಪದ ಎತ್ತುವಾಗ ಬೇರೆ ಸ್ಪೀಕರುಗಳನ್ನು ಬಂದ್ ಮಾಡಿ ಸಬ್ಬಿನ ಹತ್ತಿರ ಬಗ್ಗಿ ಕೇಳಿ. ಮದ್ದಳೆಯ ಎಡಗೈಯ ಗುಮುಕು ಮಸುಕಾಗಿ ಕೇಳಿದರೆ ಸರಿ. ಪದದ ಸಾಹಿತ್ಯ ಅರ್ಥವಾಗುವಷ್ಟು ಕೇಳಿದರೆ ಕ್ರಾಸ್‌ಓವರ್ ಮೇಲೆ ಹೋಗಿದೆ, ಇಳಿಸಿ. ಎಲ್ಲ ಸ್ಪೀಕರ್ ಹಾಕಿದಾಗ ಭಾಗವತರ ಸ್ವರ ವೇದಿಕೆಯಿಂದ ಬರಬೇಕು, ಮೂಲೆಯ ಪೆಟ್ಟಿಗೆಯಿಂದಲ್ಲ.

## ಹಂತ 8: ನಡುಗುವ ಸಾಮಾನುಗಳನ್ನು ಹಿಡಿಯಿರಿ

"ಸಬ್ ಒಡೆದ ಹಾಗೆ ಕೇಳ್ತದೆ" ಎಂದು ಕರೆದವರ ಮನೆಯಲ್ಲಿ ಅರ್ಧಕ್ಕರ್ಧ ಸಲ ತಪ್ಪು ಬೇರೆ ಸಾಮಾನಿನದ್ದು. 20ರಿಂದ 100 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಸ್ವರ ಹಾಕಿ, ಒಬ್ಬರು ಕೋಣೆಯೆಲ್ಲ ಸುತ್ತಿ ನಡುಗುವುದರ ಮೇಲೆ ಕೈ ಇಡುತ್ತಾ ಹೋಗಿ. ಕೈ ಇಟ್ಟಾಗ ಸದ್ದು ನಿಂತರೆ ಕಳ್ಳ ಸಿಕ್ಕಿದ.

ಕಿಟಕಿಯ ಗಾಜು, ಶೋಕೇಸಿನ ಸ್ಟೀಲ್ ಲೋಟ, ಗೋದ್ರೇಜ್ ಕಪಾಟಿನ ಬಾಗಿಲು, ಗೋಡೆಗೆ ತೂಗುಹಾಕಿದ ಹಿರಿಯರ ಫೋಟೋ, ಫ್ಯಾನಿನ ಕೊಂಡಿ ಮುಚ್ಚುವ ಬಟ್ಟಲು. ಉಪ್ಪಳದ ಒಂದು ಮನೆಯಲ್ಲಿ ನಾವು ಎರಡು ಗಂಟೆ ಹುಡುಕಿದ್ದು ಕೊನೆಗೆ ಕಿಟಕಿಯ ಕೊಕ್ಕೆಯಾಗಿತ್ತು. ಸೈಕಲ್ ಟ್ಯೂಬಿನ ಒಂದು ತುಂಡು ಸುತ್ತಿದ್ದೇ ಸಾಕಾಯಿತು. ಫೋಟೋದ ಹಿಂದೆ ಬಟ್ಟೆಯ ತುಂಡು, ಗಾಜಿನ ಅಂಚಿಗೆ ರಬ್ಬರ್ ಪಟ್ಟಿ, ಲೋಟಗಳ ಅಡಿಗೆ ಕಾಗದ, ಹೀಗೆ. ತಾರಸಿಯ ಮೇಲೆ ಹಾಕಿದ ಶೀಟಿನ ಸ್ಕ್ರೂ ಸಡಿಲಾಗಿದ್ದರೆ, ಹಂಚು ಕದಲಿದ್ದರೆ ಬೇಸಗೆಯಲ್ಲಿ ಕೆಲಸ ಗೊತ್ತಿದ್ದವರಿಂದ ಬಿಗಿ ಮಾಡಿಸಿ. ಪಾಚಿ ಹಿಡಿದ ಮಾಡಿಗೆ ಮಳೆಗಾಲದಲ್ಲಿ ಹತ್ತಬೇಡಿ, ಬಾಸಿಗಾಗಿ ಸೊಂಟ ಮುರಿದುಕೊಳ್ಳುವುದು ಬೇಡ.

ಸಬ್ಬಿನದೇ ಸದ್ದಾದರೆ ಗುರುತು ಬೇರೆ. 'ಟಕ್ ಟಕ್' ಎಂದು ಗಟ್ಟಿ ಪೆಟ್ಟು ಕೇಳಿದರೆ ಕೋನ್ ಮಿತಿ ಮೀರಿ ಓಡುತ್ತಿದೆ, ಕೂಡಲೇ ವಾಲ್ಯೂಮ್ ಇಳಿಸಿ. ಪೋರ್ಟಿನಿಂದ 'ಪುಸ್ ಪುಸ್' ಎಂದರೆ ಗೋಡೆಗೆ ಹತ್ತಿರವಾಗಿದೆ ಅಥವಾ ಸಾಮರ್ಥ್ಯಕ್ಕೆ ಮೀರಿ ಕೇಳುತ್ತಿದ್ದೀರಿ. ಎಲ್ಲ ಪೆಟ್ಟೂ ಒಂದೇ ಸ್ವರದಲ್ಲಿ 'ಗುಮ್ ಗುಮ್' ಎನ್ನುತ್ತಿದ್ದರೆ ಕೋಣೆಯ ಮೊಳಗು ಇನ್ನೂ ಇದೆ, ನಾಲ್ಕನೆಯ ಹಂತಕ್ಕೆ ಹಿಂದಿರುಗಿ.

## ಹಂತ 9: ಎರಡನೆಯ ಸಬ್ ಬೇಕೇ

ಒಬ್ಬರೇ ಕೂತು ನೋಡುವವರಿಗೆ ಬೇಡ. ನಾಲ್ಕೈದು ಜನ ಕೂರುವ ಕೋಣೆಗೆ ಒಂದು ದೊಡ್ಡ ಸಬ್ಬಿಗಿಂತ ಎರಡು ಸಣ್ಣದು ಲೇಸು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಹರ್ಮನ್ ಕಂಪೆನಿಯ ಟಾಡ್ ವೆಲ್ಟಿ 2002ರಲ್ಲಿ ಆಯತಾಕಾರದ ಕೋಣೆಗಳಲ್ಲಿ ಬೇರೆ ಬೇರೆ ಜೋಡಣೆಗಳನ್ನು ಹೋಲಿಸಿ ತೋರಿಸಿದ್ದರು: ಎದುರು ಬದುರು ಗೋಡೆಗಳ ಮಧ್ಯದಲ್ಲಿ ಒಂದೊಂದು ಇಟ್ಟರೆ ಆಸನದಿಂದ ಆಸನಕ್ಕೆ ವ್ಯತ್ಯಾಸ ಬಹಳ ಇಳಿಯುತ್ತದೆ. ಎರಡೂ ಒಂದೇ ಮಾದರಿಯದ್ದಾಗಿರಲಿ. ಎರಡನ್ನೂ ಒಂದೇ ಮೂಲೆಯಲ್ಲಿ ಇಟ್ಟರೆ ಜೋರಾಗುತ್ತದೆ ಅಷ್ಟೇ, ಸಮವಾಗುವುದಿಲ್ಲ. ಮೊದಲ ಸಬ್ಬಿನ ಜಾಗ ಸರಿಮಾಡದೆ ಎರಡನೆಯದಕ್ಕೆ ದುಡ್ಡು ಹಾಕಬೇಡಿ.

## ಹಂತ 10: ಗುಂಯ್‌ಗುಡುವಿಕೆ, ಸಿಡಿಲು, ತೇವ

ಏನೂ ನುಡಿಸದಿದ್ದಾಗಲೂ ಸಬ್ಬಿನಿಂದ ಸಣ್ಣಗೆ 'ಮ್‌ಮ್‌' ಎಂದು ಬರುತ್ತಿದ್ದರೆ ಅದು ಕರೆಂಟಿನ 50 ಹರ್ಟ್ಸಿನ ಸದ್ದು. ಡಿಶ್ ಅಥವಾ ಕೇಬಲ್ ಟಿವಿಯ ವಯರನ್ನು ಸೆಟ್‌ಟಾಪ್ ಬಾಕ್ಸಿನಿಂದ ಬಿಚ್ಚಿ ನೋಡಿ. ಸದ್ದು ನಿಂತರೆ ಎರಡು ಅರ್ತ್ ದಾರಿಗಳ ಜಗಳ. ಸಬ್, ರಿಸೀವರ್, ಟಿವಿ ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿ, ಕೇಬಲ್ಲಿಗೆ ಐಸೊಲೇಟರ್ ಹಾಕಿಸಿ. ಇನ್ವರ್ಟರಿನಲ್ಲಿ ಮಾತ್ರ ಬಂದು ಲೈನ್ ಕರೆಂಟು ಬಂದಾಗ ಹೋದರೆ ತಪ್ಪು ಇನ್ವರ್ಟರಿನದ್ದು. ಸದ್ದು ನಿಲ್ಲಲಿ ಎಂದು ಪ್ಲಗ್ಗಿನ ಅರ್ತ್ ಪಿನ್ ಮುರಿಯುವವರನ್ನು ನೋಡಿದ್ದೇನೆ. ಸದ್ದು ನಿಲ್ಲಬಹುದು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಸಬ್ ಮುಟ್ಟಿದವರ ಪ್ರಾಣವೂ ಹೋಗಬಹುದು. ಎಂದಿಗೂ ಮಾಡಬೇಡಿ.

ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು, ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆ, ಎರಡೂ ನಮ್ಮ ಸಾಮಾನುಗಳಿಗೆ ಶತ್ರು. ದೂರದಲ್ಲಿ ಗುಡುಗು ಕೇಳುವಾಗಲೇ ಸಬ್ಬಿನ ಪ್ಲಗ್ಗನ್ನು ಬೋರ್ಡಿನಿಂದ ಕಿತ್ತಿಡಿ, ಸ್ವಿಚ್ಚು ತೆಗೆದರೆ ಸಾಲದು. ಡಿಶ್ಶಿನ ವಯರನ್ನೂ ಬಿಚ್ಚಿ. ನನ್ನ ಮೊದಲ ಸಬ್ ಹೋದದ್ದು ಆ ವಯರಿನ ದಾರಿಯಲ್ಲಿ. ಪ್ಲಗ್ ಕಿತ್ತಿದ್ದೆ, ವಯರನ್ನು ಮರೆತಿದ್ದೆ. ತಲೆಯ ಮೇಲೆ ಸಿಡಿಲು ಶುರುವಾದ ಮೇಲೆ ಮಾತ್ರ ಅದಕ್ಕೆ ಕೈ ಹಾಕಬೇಡಿ.

ಮಳೆಗಾಲದಲ್ಲಿ ಕೋನಿನ ಮೇಲೆ ಬಿಳಿ ಬೂಷ್ಟು ಬರುತ್ತದೆ. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಗಿಣ್ಣೆ ಹಚ್ಚಬೇಡಿ. ವಾರಕ್ಕೆ ಎರಡು ದಿನವಾದರೂ ಅರ್ಧ ಗಂಟೆ ನುಡಿಸಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಅದೇ ಬಿಸಿಯನ್ನು ಹುಡುಕಿಕೊಂಡು ಇರುವೆ, ಹಲ್ಲಿ, ಜಿರಳೆ ಪೋರ್ಟಿನೊಳಗೆ ಸೇರುತ್ತವೆ, ಆದ್ದರಿಂದ ತಿಂಗಳಿಗೊಮ್ಮೆ ಟಾರ್ಚು ಹಾಕಿ ನೋಡಿ.

ಕೊನೆಯ ಕೆಲಸ: ಚಾಕಿನ ಗುರುತು ನೆಲ ಒರೆಸುವಾಗ ಹೋಗುತ್ತದೆ. ಸಬ್ಬಿನ ಎರಡು ಎದುರು ಕಾಲುಗಳ ಜಾಗಕ್ಕೆ ಉಗುರಿಗೆ ಹಚ್ಚುವ ಬಣ್ಣದಿಂದ ಒಂದೊಂದು ಚುಕ್ಕೆ ಇಡಿ, ಎರಡು ಗೋಡೆಗಳಿಂದ ಎಷ್ಟೆಷ್ಟು ಇಂಚು ಎಂದು ನೋಟ್‌ಬುಕ್ಕಿನಲ್ಲಿ ಬರೆದು ಫೋಟೋ ತೆಗೆದಿಡಿ. ಮನೆಯಲ್ಲಿ ಪೂಜೆಯೋ ಮದುವೆಯೋ ಬಂದು ಹಾಲ್ ಖಾಲಿ ಮಾಡಿದ ಮೇಲೆ ಸಬ್ಬನ್ನು ಆ ಚುಕ್ಕೆಗಳ ಮೇಲೆಯೇ ತಂದಿಡಿ.